ಗಂಡಿಲಿಗೆ ಅಂಡಾಶಯವಿಲ್ಲ ಎಂಬುದಕ್ಕೆ ಆಧಾರ

ನನ್ನ ಸೋದರಮಾವನಿಗೆ ನಮ್ಮ ಬೀದಿಯಲ್ಲಿ ಅರ್ಧ ಡಾಕ್ಟರ್ ಎಂದು ಹೆಸರು. ಉಳಿದರ್ಧ ಎಲ್ಲಿದೆ ಎಂದು ಅತ್ತೆಯನ್ನು ಬಿಟ್ಟು ಇನ್ಯಾರೂ ಕೇಳಿದವರಲ್ಲ.

ಮಾವ ಸಂಶೋಧನಾ ಕೇಂದ್ರದ ಪ್ರಾಣಿಮನೆಯಲ್ಲಿ ಹದಿನಾಲ್ಕು ವರ್ಷದಿಂದ ಹಂಗಾಮಿ ನೌಕರ. ಬಿಳಿ ಇಲಿಗಳಿಗೆ ಮೇವು ಹಾಕುವುದು, ನೀರಿನ ಬಾಟಲಿ ತುಂಬುವುದು, ತೂಕ ಬರೆಯುವುದು ಅವನ ಕೆಲಸ. ಕೇಂದ್ರದವರು ಕೊಟ್ಟ ಬಿಳಿ ಕೋಟನ್ನು ಅವನು ಮನೆಗೂ ಹಾಕಿಕೊಂಡೇ ಬರುತ್ತಿದ್ದ. ಬೀದಿಯ ತಿರುವಿನಲ್ಲಿ ಒಂದು ಕ್ಷಣ ನಿಂತು ಅದರ ಗುಂಡಿಗಳನ್ನು ಸರಿಮಾಡಿಕೊಳ್ಳುತ್ತಿದ್ದ. ಹನ್ನೊಂದು ತಿಂಗಳಿಗೊಮ್ಮೆ ಅವನ ಕೆಲಸ ಮುಗಿಯುತ್ತಿತ್ತು. ಒಂದು ದಿನ ಮನೆಯಲ್ಲಿ ಕೂತು, ಮರುದಿನ ಹೊಸಬನಾಗಿ ಮತ್ತೆ ಸೇರುತ್ತಿದ್ದ. ಹೀಗೆ ಹದಿನಾಲ್ಕು ವರ್ಷದಲ್ಲಿ ಹದಿನೈದು ಸಲ ಹೊಸಬನಾದ ಮಾವನಿಗೆ ಇದ್ದದ್ದು ಒಂದೇ ಆಸೆ: ಖಾಯಂ ಆಗಬೇಕು. ಆ ಕಡತ ಖರೀದಿ ವಿಭಾಗದ ಸಾಹೇಬರ ಮೇಜಿನ ಮೇಲಿತ್ತು. ಸಿಬ್ಬಂದಿಯ ಕಡತಗಳನ್ನು ನೋಡುತ್ತಿದ್ದವರೂ ಅವರೇ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಪಂಜರ ತೊಳೆಯುವ ಕೆಲಸಕ್ಕೆ ಮಾವನೇ ನನ್ನನ್ನು ಸೇರಿಸಿದ್ದ. ಇಲಿಗಳ ನಡುವೆ ಮಾತಾಡುವ ಅಗತ್ಯ ಬೀಳುವುದಿಲ್ಲವಾದ್ದರಿಂದ ಆ ಕೆಲಸ ನನಗೆ ಹಿಡಿಸಿತ್ತು.

ಆ ವರ್ಷ ಕೇಂದ್ರದ ವಿಜ್ಞಾನಿ ನಮ್ಮ ಮೇಡಂ ಅವರಿಗೆ ಒಂದು ಯೋಜನೆ ಮಂಜೂರಾಯಿತು. ಹೆಂಗಸರ ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆಗಳೆದ್ದು, ಮುಟ್ಟು ತಪ್ಪಿ, ಮೈ ದಪ್ಪವಾಗಿ, ಮುಖದ ಮೇಲೆ ಕೂದಲು ಬರುತ್ತದಲ್ಲ, ಪಿಸಿಓಎಸ್ ಎನ್ನುವ ಆ ತೊಂದರೆಯ ಮೇಲೆ. ಅದಕ್ಕೆ ಮೂವತ್ತಾರು ಹೆಣ್ಣಿಲಿಗಳು ಬೇಕು ಎಂದು ಅವರು ಬರೆದರು. ಒಂದು ವಾರದಲ್ಲಿ ಕಾಗದ ವಾಪಸ್ ಬಂತು: "ಇಲಿಯೇ ಏಕೆ? ಇದಕ್ಕಿಂತ ಅಗ್ಗದ ಪ್ರಾಣಿ ಏಕಿಲ್ಲ? ತುಲನಾ ಪಟ್ಟಿ ಲಗತ್ತಿಸಿ."

ಬರೆದವರು ಖರೀದಿ ಸಾಹೇಬರು. ಬೆಳಗಾಯಿತು ಸಾರ್ ಎಂದರೂ ಆಧಾರ ಲಗತ್ತಿಸಿ ಎನ್ನುವ ಮನುಷ್ಯನಾದ್ದರಿಂದ ಕೇಂದ್ರದಲ್ಲಿ ಅವರನ್ನು ಲಗತ್ತು ಸಾಹೇಬರು ಎನ್ನುತ್ತಿದ್ದರು. ಎದುರಿಗಲ್ಲ.

ಮೇಡಂ ತಲೆ ಚಚ್ಚಿಕೊಳ್ಳುತ್ತ ಮಾವನಿಗೆ ವಿವರಿಸಿದರು. ಮಂಗ ಮನುಷ್ಯರಿಗೆ ಹತ್ತಿರ ನಿಜ, ಆದರೆ ಒಂದು ಮಂಗ ಸಾಕುವ ಖರ್ಚಿನಲ್ಲಿ ಇಡೀ ಕೇಂದ್ರಕ್ಕೆ ಸುಣ್ಣ ಬಳಿಸಬಹುದು. ಕುರಿಮರಿ ಹುಟ್ಟಿ ಬೆಳೆದು ದೊಡ್ಡದಾಗುವಷ್ಟರಲ್ಲಿ ಯೋಜನೆಯ ಅವಧಿಯೇ ಮುಗಿಯುತ್ತದೆ. ಇಲಿಗಿಂತ ಪುಟ್ಟದಾದ ಚಿಟ್ಟಿಲಿಯ ಅಂಡಾಶಯ ಸಾಸಿವೆಕಾಳಷ್ಟು, ಹಿಡಿದು ನೋಡುವುದೇ ಕಷ್ಟ. ಬಿಳಿ ಇಲಿಗಾದರೆ ನಾಲ್ಕೈದು ದಿನಕ್ಕೊಮ್ಮೆ ಋತುಚಕ್ರ ತಿರುಗುತ್ತದೆ. ಒಂದು ಔಷಧಿಯನ್ನು ಮೂರು ವಾರ ಕೊಟ್ಟರೆ ಆ ಚಕ್ರ ನಿಂತು ಅಂಡಾಶಯದಲ್ಲಿ ಗುಳ್ಳೆಗಳೇಳುತ್ತವೆ, ಥೇಟ್ ಹೆಂಗಸರಲ್ಲಿ ಆಗುವ ಹಾಗೆ. ಅಗ್ಗವೂ ಹೌದು, ಬೇಗವೂ ಹೌದು.

ನಾನು ಪಂಜರ ಉಜ್ಜುತ್ತ ಇದನ್ನೆಲ್ಲ ಕೇಳಿಸಿಕೊಂಡೆ. ಮಾವನೂ ತಲೆಯಾಡಿಸಿದ. ಪಟ್ಟಿ ನಾನೇ ತಯಾರು ಮಾಡ್ತೀನಿ ಮೇಡಂ, ಇದೆಲ್ಲ ನಮಗೆ ನೀರು ಕುಡಿದಷ್ಟು ಸುಲಭ ಎಂದ. ಮೇಡಂಗೆ ನೂರು ಕೆಲಸ, ಸರಿ ಎಂದುಬಿಟ್ಟರು. ವಿಜ್ಞಾನಕ್ಕೆ ಆದ ಮೊದಲ ಹಾನಿ ಅದು.

ಅವತ್ತು ಸಂಜೆ ಮಾವ ಇಸ್ತ್ರಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು, ಹೆಂಗಸರ ಕಾಯಿಲೆಗೆ ಯಾವ ಪ್ರಾಣಿ ಸೂಕ್ತ ಎಂದು ನಿರ್ಧರಿಸುವ ಹೊಣೆ ತನ್ನ ತಲೆಗೆ ಬಂದಿದೆ ಎಂದು ಸಾರಿದ. ಬೀದಿ ಸುಮ್ಮನಿರಲಿಲ್ಲ. ಇಸ್ತ್ರಿಯಣ್ಣ ಕೋಳಿ ಎಂದ. ಪ್ರಯೋಗ ಕೆಟ್ಟರೂ ಮೊಟ್ಟೆಯಾದರೂ ಉಳಿಯುತ್ತದಲ್ಲ ಎಂಬುದು ಅವನ ಲೆಕ್ಕಾಚಾರ. ಮೂಲೆಮನೆಯ ನಿವೃತ್ತ ಗುಮಾಸ್ತರು ತಮ್ಮ ಬೆಕ್ಕನ್ನು ಪುಕ್ಕಟೆ ಕೊಡಲು ಮುಂದೆ ಬಂದರು. ಅದು ಗಂಡು ಬೆಕ್ಕು ಎಂದು ಅವರ ಹೆಂಡತಿ ಕಿಟಕಿಯಿಂದಲೇ ಕೂಗಿದರು. ಟೈಲರಕ್ಕ ಮಾತ್ರ ತಮಾಷೆ ಮಾಡಲಿಲ್ಲ. ಅವಳ ಮಗಳಿಗೆ ಅದೇ ತೊಂದರೆ, ಆರು ತಿಂಗಳಿಂದ ಮುಟ್ಟಾಗಿರಲಿಲ್ಲ. ಹೊಲಿಗೆ ಯಂತ್ರ ನಿಲ್ಲಿಸಿ ಅವಳು ಕೇಳಿದಳು:

"ಅಣ್ಣ, ಇಲಿಗೆ ವಾಸಿಯಾದ್ರೆ ಮೊದ್ಲು ನಂಗೆ ಹೇಳ್ತೀಯಾ?"

"ಮೊದ್ಲು ಇಲಿಗೆ ಕಾಯಿಲೆ ಬರ್ಬೇಕಮ್ಮ. ಅದಕ್ಕೇ ಕಷ್ಟಪಡ್ತಿರೋದು" ಎಂದ ಮಾವ.

ಪಟ್ಟಿ ತಯಾರಾಯಿತು. ಇಲಿಯೇ ಸೂಕ್ತ ಎಂದು ಮೇಡಂ ಹೇಳಿದ ಕಾರಣಗಳೆಲ್ಲ ಅದರಲ್ಲಿದ್ದವು, ಮಾವನ ಕೈಬರಹದಲ್ಲಿ ಇನ್ನಷ್ಟು ಗಂಭೀರವಾಗಿ. ಎಡವಟ್ಟಾದದ್ದು ಆಮೇಲೆ. ನಿಯಮದ ಪ್ರಕಾರ ಮೂರು ಕೊಟೇಶನ್ ಇರಲೇಬೇಕು. ಹೆಣ್ಣಿಲಿ ಕೊಡುವ ಸರಬರಾಜುದಾರರು ಸಿಕ್ಕಿದ್ದು ಇಬ್ಬರೇ. ಮೂರನೆಯ ಸಾಲು ಖಾಲಿ ಉಳಿದರೆ ಕಾಗದ ಮತ್ತೆ ವಾಪಸ್ ಬರುತ್ತದೆ. ಮಾವ ಪೆನ್ನಿನ ತುದಿ ಕಚ್ಚಿ ಯೋಚಿಸಿ, ಎರಡನೆಯ ಸರಬರಾಜುದಾರನ ದರಪಟ್ಟಿಯ ಕೆಳಗಡೆ ಇದ್ದ ಇನ್ನೊಂದು ಸಾಲನ್ನು ಎತ್ತಿ ಮೂರನೆಯ ಜಾಗಕ್ಕೆ ಹಾಕಿದ. ಅಲ್ಲಿ ಬರೆದದ್ದು: ಗಂಡಿಲಿ, ಅರ್ಧ ಬೆಲೆ.

"ಮಾವ, ಅದು ಗಂಡು" ಎಂದೆ.

"ಗೊತ್ತು ಕಣೆ. ಸುಮ್ನೆ ಜಾಗ ತುಂಬ್ಸೋಕೆ. ಗಂಡಿಲಿ ಯಾರು ತಗೋತಾರೆ?"

ಯಾರು ತಗೊಳ್ಳುತ್ತಾರೆ ಎಂಬುದಕ್ಕೆ ಒಂದು ತಿಂಗಳಲ್ಲಿ ಉತ್ತರ ಬಂತು. ಮೂರರಲ್ಲಿ ಅತಿ ಕಡಿಮೆ ದರವನ್ನು ಒಪ್ಪಿಕೊಳ್ಳಬೇಕು ಎಂಬುದೂ ನಿಯಮವೇ. ಸಮಿತಿ ಸಭೆ ಸೇರಿತು, ಚಹಾ ಕುಡಿಯಿತು, ಮೂರನೆಯ ಸಾಲಿಗೆ ಗುರುತು ಹಾಕಿತು. ಅಂಡಾಶಯದ ಸಂಶೋಧನೆಗೆಂದು ಮೂವತ್ತಾರು ಗಂಡಿಲಿಗಳು ಪೆಟ್ಟಿಗೆಯಲ್ಲಿ ಬಂದಿಳಿದವು. ಹಾಲು ಬಿಟ್ಟು ವಾರವಾಗಿದ್ದ ಪುಟ್ಟ ಮರಿಗಳು. ಲಗತ್ತು ಸಾಹೇಬರು ಕರ್ಚೀಫಿನಿಂದ ಮೂಗು ಮುಚ್ಚಿ, ಬಾಗಿಲ ಹೊರಗಿನಿಂದಲೇ ಎಣಿಸಿ, "ಆದೇಶದಂತೆ ಎಲ್ಲವೂ ಗಂಡು. ಖುದ್ದು ಪರಿಶೀಲಿಸಿದ್ದೇನೆ" ಎಂದು ಬರೆದು ಸಹಿ ಹಾಕಿ ಹೋದರು.

ಮೇಡಂ ಪೆಟ್ಟಿಗೆಯ ಚೀಟಿ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಮಾವನನ್ನು ಕರೆದು, ಈ ಮೂರನೆಯ ಸಾಲು ಯಾರು ಬರೆದದ್ದು ಎಂದು ಮೆಲ್ಲಗೆ ಕೇಳಿದರು. ನಿಯಮ ಮೂರು ಕೇಳ್ತದೆ ಮೇಡಂ ಎಂದು ಮಾವ ನೆಲ ನೋಡಿದ. ಅವನ ಖಾಯಂ ಕಡತದ ವಿಷಯ ಮೇಡಂಗೆ ಗೊತ್ತಿತ್ತು. ಒಳ್ಳೆಯವರು, ಮಾವನ ಹೆಸರೆತ್ತದೆ ಒಂದೇ ವಾಕ್ಯ ಬರೆದು ಕಳಿಸಿದರು: ಗಂಡಿಲಿಗೆ ಅಂಡಾಶಯ ಇರುವುದಿಲ್ಲವಾದ್ದರಿಂದ ಇವನ್ನು ಹಿಂದಿರುಗಿಸಿ ಹೆಣ್ಣಿಲಿಗಳನ್ನು ಒದಗಿಸಬೇಕು.

ಹತ್ತು ದಿನದ ಮೇಲೆ ಕಾಗದ ವಾಪಸ್ ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಎರಡು ಪದ: "ಆಧಾರ ಲಗತ್ತಿಸಿ."

ಮೇಡಂ ಒಂದು ದಪ್ಪ ಪುಸ್ತಕದ ಪುಟದ ಪ್ರತಿ ಮಾಡಿಸಿ ಲಗತ್ತಿಸಿದರು. ಅದೂ ವಾಪಸ್ ಬಂತು: "ಪುಸ್ತಕ ಸಾಮಾನ್ಯ ಇಲಿಗಳ ಬಗ್ಗೆ ಇದೆ. ನಾವು ಖರೀದಿಸಿದ ಇಲಿಗಳಿಗೂ ಇದು ಅನ್ವಯಿಸುತ್ತದೆ ಎಂಬುದಕ್ಕೆ ಆಧಾರ?" ಸರಬರಾಜುದಾರ ಬೇರೆ, ಕೊಟ್ಟ ಸರಕು ವಾಪಸ್ ತಗೊಳ್ಳೋದಿಲ್ಲ ಎಂದು ರಸೀದಿಯ ಹಿಂದೆ ಅಚ್ಚು ಹಾಕಿಸಿದ್ದ.

ಮೇಡಂಗೆ ರೇಗಿತು. ತಕರಾರು ಮುಗಿಯುವವರೆಗೆ ಆ ಇಲಿಗಳನ್ನು ಮುಟ್ಟುವುದಿಲ್ಲ, ಮುಟ್ಟಿದರೆ ಒಪ್ಪಿಕೊಂಡ ಹಾಗೆ ಎಂದು ಅವರು ಇಲಿಕೋಣೆಗೆ ಕಾಲಿಡುವುದನ್ನೇ ಬಿಟ್ಟರು. ಕಡತ ಮೆಟ್ಟಿಲು ಹತ್ತಿತು, ಇಳಿಯಿತು. ಇಲಿಗಳು ಆರು ಪಂಜರಗಳಲ್ಲಿ ಆರಾರರಂತೆ ತಿಂದುಂಡು ಬೆಳೆದವು.

ಇತ್ತ ಬೀದಿಯಲ್ಲಿ ವಿಷಯ ಬೇರೆಯೇ ದಾರಿ ಹಿಡಿದಿತ್ತು. ಗಂಡಿಲಿಗಳ ಮೇಲೆ ಪ್ರಯೋಗ ನಡೀತಿದೆ ಎಂದು ಮಾವನೇ ಮರ್ಯಾದೆ ಉಳಿಸಿಕೊಳ್ಳಲು ಹೇಳಿದ್ದ. ಅಂದಮೇಲೆ ಆ ಕಾಯಿಲೆ ಗಂಡಸರಿಗೂ ಬರುತ್ತದೆ ಎಂದು ಬೀದಿ ತೀರ್ಮಾನಿಸಿತು. ಒಂದು ಭಾನುವಾರ ಇಸ್ತ್ರಿಯಣ್ಣ ಮನೆಗೇ ಬಂದು, ಬಾಗಿಲು ಸ್ವಲ್ಪ ಮುಂದೆ ಮಾಡಿ, ಮಾವನ ಪಕ್ಕ ಕೂತ.

"ಡಾಕ್ಟ್ರೇ, ಮುಚ್ಚುಮರೆ ಮಾಡ್ದೆ ಹೇಳಿ. ನಂಗೆ ಎಲ್ಲ ಲಕ್ಷಣಾನೂ ಇದೆ. ಹೊಟ್ಟೆ ಬಂದಿದೆ. ಮುಖದ ತುಂಬ ಕೂದ್ಲು. ಇನ್ನು ಮುಟ್ಟು, ಅದಂತೂ ಒಂದ್ಸಲಾನೂ ಆಗಿಲ್ಲ."

ಮಾವ ಕೋಟಿನ ಗುಂಡಿ ಸರಿಮಾಡಿಕೊಂಡು ಅವನ ನಾಡಿ ಹಿಡಿದ. ದಿನಾ ಬೆಳಿಗ್ಗೆ ನಡೆಯಲು ಹೇಳಿದ. ಒಳಗೆ ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆ ಹಿಡಿದು ನಿಂತಿದ್ದಳು.

ಇಲಿಗಳು ಬಂದು ಆರು ವಾರವಾಗಿರಬಹುದು, ಪಂಜರ ಬದಲಿಸುವಾಗ ನನಗೆ ಒಂದು ಅನುಮಾನ ಬಂತು. ಆ ವಯಸ್ಸಿಗೆ ಗಂಡಿಲಿಯನ್ನು ಗುರುತಿಸಲು ಯಾವ ಓದೂ ಬೇಡ, ಬಾಲದ ಬುಡ ನೋಡಿದರೆ ಸಾಕು. ಕೆಲವಕ್ಕೆ ಅಲ್ಲಿ ಇರಬೇಕಾದದ್ದು ಇರಲಿಲ್ಲ. ಒಂದೊಂದನ್ನೇ ಎತ್ತಿ ನೋಡಿದೆ. ಏಳು ಹೆಣ್ಣು. ಅರ್ಧ ಬೆಲೆಗೆ ಕೊಟ್ಟವನು ಅರ್ಧ ಕಣ್ಣಲ್ಲೇ ನೋಡಿ ಕಳಿಸಿದ್ದ.

ಮಾವನಿಗೆ ಹೇಳಿದೆ. ಅವನಿಗೆ ಹತ್ತಿರದ್ದು ಕಾಣಿಸುತ್ತಿರಲಿಲ್ಲ, ಕನ್ನಡಕ ಹಾಕಿದರೆ ವಯಸ್ಸಾಯಿತು ಎಂದುಕೊಂಡಾರು ಎಂದು ಹಾಕುತ್ತಲೂ ಇರಲಿಲ್ಲ. ಅವನು ಇಲಿಯನ್ನು ನೋಡಲಿಲ್ಲ, ಪಂಜರಕ್ಕೆ ಕಟ್ಟಿದ ಚೀಟಿ ನೋಡಿದ.

"ಇಲ್ಲಿ ಗಂಡು ಅಂತಿದೆ."

"ಚೀಟೀಲಿ ಇದೆ ಮಾವ. ಇಲೀಲಿ ಇಲ್ಲ."

ಮಾವ ಬಾಗಿಲಾಚೆ ಯಾರಾದರೂ ಇದ್ದಾರೆಯೇ ಎಂದು ನೋಡಿ ಬಂದು, ತಗ್ಗಿದ ದನಿಯಲ್ಲಿ ಹೇಳಿದ: "ನೋಡು ಮಗಳೇ, ಸಾಹೇಬ್ರು ಗಂಡು ಅಂತ ಸಹಿ ಹಾಕಿದ್ಮೇಲೆ ಅದು ಹೆಣ್ಣಾಗೋಕೆ ಯಾವ ಇಲಿಗೂ ಅಧಿಕಾರ ಇಲ್ಲ. ಅವರ ಸಹಿ ತಪ್ಪು ಅಂತ ನಾವು ತೋರಿಸಿದ್ರೆ ನನ್ನ ಖಾಯಂ ಕಡತ ಏನಾಗ್ತದೆ?"

ಬೇರೆ ಪಂಜರ ಕೊಟ್ಟರೆ ಆ ಏಳನ್ನೂ ಪ್ರತ್ಯೇಕ ಇಡುತ್ತೇನೆ ಎಂದೆ. ಖಾಲಿ ಪಂಜರ ಬೇಕೆಂದರೆ ಅರ್ಜಿ ಬರೆಯಬೇಕು, ಅರ್ಜಿಯಲ್ಲಿ ಕಾರಣ ಬರೆಯಬೇಕು, ಆ ಕಾರಣವನ್ನು ಬರೆಯುವ ಹಾಗಿಲ್ಲ. ಇಲಿಗಳು ಇದ್ದಲ್ಲೇ ಉಳಿದವು. ಮಾವನ ಮಾತನ್ನು ಮನೆಗೆ ಬಂದು ಅತ್ತೆಗೆ ಹೇಳಿದೆ. ಅವಳು ನನ್ನಿಂದ ಎರಡು ಸಲ ಹೇಳಿಸಿ ಬಾಯಿಪಾಠ ಮಾಡಿಕೊಂಡಳು.

ಮೂರು ವಾರ ಕಳೆಯಿತು. ಏಳರ ಹೊಟ್ಟೆಯೂ ಪೇರಳೆಹಣ್ಣಿನ ಹಾಗೆ ಕೆಳಗಿಳಿಯುತ್ತಿತ್ತು. ಅಷ್ಟರಲ್ಲಿ ಮೇಲಿನಿಂದ ಕೊನೆಯ ಕಾಗದ ಬಂತು. ಗುರುವಾರ ಹನ್ನೊಂದು ಗಂಟೆಗೆ ಸಾಹೇಬರು ಖುದ್ದಾಗಿ ಬಂದು ಗಂಡಿಲಿಗಳಲ್ಲಿ ಅಂಡಾಶಯವಿಲ್ಲ ಎಂಬ ದೂರನ್ನು ಪರಿಶೀಲಿಸುವರು. ತುಲನಾ ಪಟ್ಟಿಯ ಮೂರನೆಯ ಸಾಲನ್ನು ಸೇರಿಸಿದ ವ್ಯಕ್ತಿ ಆ ಹೊತ್ತಿಗೆ ಹಾಜರಿದ್ದು ಲಿಖಿತ ಹೇಳಿಕೆ ಕೊಡತಕ್ಕದ್ದು.

ಮಾವ ಅವತ್ತು ಉಣ್ಣಲಿಲ್ಲ. ಹದಿನಾಲ್ಕು ವರ್ಷ ಕಾದ ಕೆಲಸ ಮೂರನೆಯ ಸಾಲಿನಲ್ಲಿ ಹೋಯಿತು ಎಂದು ಗೋಡೆಗೆ ಹೇಳಿದ. ಅತ್ತೆ ಮೊದಲ ಸಲ ಅವನನ್ನು ಗೇಲಿ ಮಾಡದೆ ಕೋಟನ್ನು ಒಗೆದು ಇಸ್ತ್ರಿಯಣ್ಣನಿಗೆ ಕೊಟ್ಟಳು. ಇಸ್ತ್ರಿಯಣ್ಣ ದುಡ್ಡು ಬೇಡ ಎಂದ. ನಡೆದು ನಡೆದು ಅವನ ಹೊಟ್ಟೆ ಎರಡು ಬೆರಳು ಇಳಿದಿತ್ತಂತೆ.

ಗುರುವಾರ ಬೆಳಿಗ್ಗೆ ಆರಕ್ಕೆ ನಾನು ಕೋಣೆಯ ಬಾಗಿಲು ತೆರೆದಾಗ ನಾಲ್ಕನೇ ಪಂಜರದ ಮರದಪುಡಿಯೊಳಗೆ ಹನ್ನೊಂದು ಗುಲಾಬಿ ಬೆರಳುಗಳು ಅಲುಗುತ್ತಿದ್ದವು. ಕಣ್ಣು ತೆರೆಯದ, ಕೂದಲಿಲ್ಲದ ಹಸಿ ಮರಿಗಳು. ಇಷ್ಟಾದ ಮೇಲೆ ಅರ್ಜಿಗೆ ಕಾಯಲಿಲ್ಲ. ತೊಳೆಯಲು ಇಟ್ಟಿದ್ದ ದೊಡ್ಡ ತೊಟ್ಟಿಗೆ ಆ ಪಂಜರದ ಗಂಡುಗಳನ್ನೆಲ್ಲ ಸಾಗಿಸಿ, ಜಾಲರಿ ಮುಚ್ಚಿ, ತಾಯಿಗೆ ಹರಿದ ಕಾಗದ ಕೊಟ್ಟೆ. ಅದು ಕಾಗದವನ್ನು ಗೂಡು ಮಾಡಿಕೊಂಡಿತು. ಕಡತದ ಕಾಗದಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂತೆನ್ನಬೇಕು.

ಹನ್ನೊಂದಕ್ಕೆ ಸಾಹೇಬರು ಬಂದರು, ಹಿಂದೆ ಕಡತ ಹೊತ್ತ ಗುಮಾಸ್ತ. ಒಂದೂವರೆ ತಿಂಗಳ ಮೇಲೆ ಮೇಡಂ ಕೂಡ ಕೋಣೆಯೊಳಗೆ ಕಾಲಿಟ್ಟರು. ಮಾವ ಇಸ್ತ್ರಿಯ ಕೋಟಿನಲ್ಲಿ, ಜೇಬಿನಲ್ಲಿ ತಪ್ಪೊಪ್ಪಿಗೆ ಇಟ್ಟುಕೊಂಡು, ಬಾಗಿಲ ಪಕ್ಕದ ಗೋಡೆಗೆ ಅಂಟಿಕೊಂಡಿದ್ದ.

ಸಾಹೇಬರು ಒಂದನೇ ಪಂಜರ ಎಣಿಸಿದರು, ಆರು. ಎರಡನೆಯದು ಆರು, ಮೂರನೆಯದು ಆರು. ನಾಲ್ಕನೆಯದರ ಮುಂದೆ ಬಗ್ಗಿದವರು ಬಗ್ಗಿಯೇ ಇದ್ದರು. ಕರ್ಚೀಫು ಮೂಗಿನಿಂದ ಜಾರಿತು.

"ಇದೇನಿದು?"

ಮಾತಾಡುವ ಅಭ್ಯಾಸ ಇದ್ದವರೆಲ್ಲ ಸುಮ್ಮನಾದ್ದರಿಂದ ನಾನೇ ಹೇಳಬೇಕಾಯಿತು.

"ಮರಿ, ಸಾರ್. ಬೆಳಿಗ್ಗೆ ಆಗಿದ್ದು. ಹನ್ನೊಂದು. ಇನ್ನೂ ಆರು ಇಲಿ ಇವತ್ತೋ ನಾಳೆಯೋ ಹಾಕ್ತವೆ."

ಮೇಡಂ ಮುಂದೆ ಬಂದು ಪಂಜರ ನೋಡಿದರು. ಆಮೇಲೆ ಮೇವಿನ ಮೂಟೆಯ ಮೇಲೆ ಕೂತು ಮುಖ ಮುಚ್ಚಿಕೊಂಡರು. ಅವರ ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ಮಾವ ಇವತ್ತಿಗೂ ನಂಬಿದ್ದಾನೆ.

ಮಾವನಿಗೆ ತಡೆಯಲಾಗಲಿಲ್ಲ. ಜೇಬಿನಿಂದ ಕಾಗದ ತೆಗೆದು ಮುಂದೆ ಬಂದ. "ಸಾರ್, ಆ ಮೂರನೇ ಸಾಲು ಬರೆದದ್ದು..."

"ಮೂರನೇ ಸಾಲು ಹಾಗಿರಲಿ ಕಣ್ರೀ" ಎಂದರು ಸಾಹೇಬರು, ಗುಮಾಸ್ತನ ಕೈಯ ಕಡತದಲ್ಲಿ ತಮ್ಮದೇ ಸಹಿಯನ್ನು ದಿಟ್ಟಿಸುತ್ತ. ಎಲ್ಲವೂ ಗಂಡು, ಖುದ್ದು ಪರಿಶೀಲಿಸಿದ್ದೇನೆ. ಕಡತ ಮುಚ್ಚಿ ಅವರು ಕೇಳಿದರು: "ಇದನ್ನ ಎಷ್ಟು ಜನ ನೋಡಿದ್ದಾರೆ?"

ಅವರ ಕಷ್ಟವನ್ನೂ ನಾವು ಅರ್ಥಮಾಡಿಕೊಳ್ಳಬೇಕು. ಆ ಇಲಿ ಹೆಣ್ಣು ಎಂದು ಬರೆದರೆ ಸಹಿ ಸುಳ್ಳಾಗುತ್ತದೆ. ಗಂಡು ಎಂದು ಬರೆದರೆ ಸೃಷ್ಟಿಯೇ ಸುಳ್ಳಾಗುತ್ತದೆ. ಎರಡರಲ್ಲಿ ಒಂದನ್ನು ಬಿಡಲೇಬೇಕು. ಸಾಹೇಬರು ಸೃಷ್ಟಿಯನ್ನು ಬಿಟ್ಟರು.

ಮರುದಿನ ಬಂದ ಆದೇಶವನ್ನು ಮಾವ ಮನೆಯಲ್ಲಿ ನನ್ನಿಂದ ಓದಿಸಿದ. "ಗಂಡಿಲಿಗಳು ಯೋಜನೆಗೆ ಸೂಕ್ತವಲ್ಲ ಎಂಬ ವಾದವು ಪ್ರತ್ಯಕ್ಷ ಪುರಾವೆಯ ಮುಂದೆ ನಿಲ್ಲುವುದಿಲ್ಲ. ಖರೀದಿಯು ಸರಿಯಾಗಿಯೇ ಇದೆ. ಮೂರನೆಯ ಸಾಲನ್ನು ಸೇರಿಸಿದ ನೌಕರನ ದೂರದೃಷ್ಟಿಯಿಂದ ಅರ್ಧ ದರದ ಪ್ರಾಣಿಗಳಿಂದ ಕೇಂದ್ರಕ್ಕೆ ಹೆಚ್ಚುವರಿ ಪ್ರಾಣಿಗಳು ಖರ್ಚಿಲ್ಲದೆ ದೊರೆತಿವೆ. ಮರಿಗಳ ಲಿಂಗವನ್ನು ಈ ಕಚೇರಿ ಪರಿಶೀಲಿಸುವುದಿಲ್ಲ. ವಿಷಯ ಮುಕ್ತಾಯ."

ದೂರದೃಷ್ಟಿ ಎಂಬ ಪದವನ್ನು ಮಾವ ಮೂರು ಸಲ ಓದಿಸಿದ. ಹತ್ತಿರದ ದೃಷ್ಟಿ ಅವನಿಗೆ ಹೇಗೂ ಇರಲಿಲ್ಲ.

ಒಂದು ವಾರದಲ್ಲಿ ಏಳು ತಾಯಿ ಇಲಿಗಳು ಸೇರಿ ಎಪ್ಪತ್ನಾಲ್ಕು ಮರಿ ಹಾಕಿದವು. ಹತ್ತನೇ ದಿನಕ್ಕೆ ಹೆಣ್ಣು ಮರಿಗಳ ಹೊಟ್ಟೆಯ ಮೇಲೆ ಎರಡು ಸಾಲು ಸಣ್ಣ ಚುಕ್ಕೆಗಳು ಕಾಣಿಸುತ್ತವೆ, ಗಂಡಿಗೆ ಕಾಣುವುದಿಲ್ಲ. ಮೇಡಂ ಒಂದು ಸ್ಟೂಲು ತಂದು ನನ್ನನ್ನು ಕೂರಿಸಿ, ನೀನೇ ನೋಡಿ ಬೇರೆ ಮಾಡು ಎಂದರು. ಒಂದು ಬೆಳಗು ಪೂರ್ತಿ ಒಂದೊಂದನ್ನೇ ಅಂಗೈ ಮೇಲೆ ಮಲಗಿಸಿ ನೋಡಿದೆ. ಮೂವತ್ತೆಂಟು ಹೆಣ್ಣು. ಬೇಕಾದದ್ದು ಮೂವತ್ತಾರು. ಎಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವು, ಒಂದೇ ಕೋಣೆಯಲ್ಲಿ ಹುಟ್ಟಿದವು. ದುಡ್ಡು ಕೊಟ್ಟರೂ ಇಷ್ಟು ಚೆನ್ನಾದವು ಸಿಗುತ್ತಿರಲಿಲ್ಲ ಎಂದರು ಮೇಡಂ. ದಾಖಲೆ ಪುಸ್ತಕದಲ್ಲಿ ಪರಿಶೀಲಿಸಿದವರು ಎಂಬ ಜಾಗದಲ್ಲಿ ನನ್ನ ಸಹಿ ಹಾಕಿಸಿದರು. ನಾನು ಇನ್ನೊಮ್ಮೆ ಎಲ್ಲವನ್ನೂ ಎತ್ತಿ ನೋಡಿ ಬಂದು ಆಮೇಲೆ ಹಾಕಿದೆ.

ಮರಿಗಳು ದೊಡ್ಡವಾಗಿ ಔಷಧಿ ಶುರುವಾದ ದಿನ ಟೈಲರಕ್ಕನಿಗೆ ಹೇಳಿದೆ. ಅವಳು ಮಗಳನ್ನು ಕರೆದು, ನೋಡು, ನಿಂಗೋಸ್ಕರ ಮೂವತ್ತಾರು ಜನ ಕಷ್ಟಪಡ್ತಿದ್ದಾರೆ ಎಂದಳು.

ಅದೇ ವಾರ ಮಾವನ ಖಾಯಂ ಕಡತ ಇಳಿದು ಬಂತು. ಎಲ್ಲ ಕಡೆ ಸಹಿಯಾಗಿತ್ತು. ಒಂದೇ ಒಂದು ಜಾಗ ಬಾಕಿ. ಲಿಂಗ ಎಂಬಲ್ಲಿ ಮಾವ ಗಂಡು ಎಂದು ಬರೆದಿದ್ದ. ಅದರ ಪಕ್ಕದಲ್ಲಿ ಕೆಂಪು ಶಾಯಿ: "ಹಿಂದಿನ ಅನುಭವದ ಹಿನ್ನೆಲೆಯಲ್ಲಿ ಕೇವಲ ಹೇಳಿಕೆಯನ್ನು ಒಪ್ಪಲಾಗದು. ಆಧಾರ ಲಗತ್ತಿಸಿ."

ಮಾವ ಅದನ್ನು ಬೀದಿಗೆಲ್ಲ ತೋರಿಸುತ್ತ ಮನೆಗೆ ತಂದ. ಇಸ್ತ್ರಿಯಣ್ಣ ಸಾಕ್ಷಿ ಹೇಳಲು ಸಿದ್ಧನಾದ. ಟೈಲರಕ್ಕ ಅಳತೆ ಪುಸ್ತಕ ಇದೆ ಎಂದಳು. ಅತ್ತೆ ಅವರಿಬ್ಬರನ್ನೂ ಸುಮ್ಮನಿರಿಸಿ, ಪೆನ್ನು ತಗೋ ಎಂದು ನನಗೆ ಹೇಳಿದಳು.

"ಬರ್ಕೋ. ನಮ್ಮಪ್ಪ ಮೂರು ಕಡೆ ವಿಚಾರಿಸಿ, ಎಲ್ಲಕ್ಕಿಂತ ಕಡಿಮೇದು ಅಂತ ಇವರನ್ನ ಆರಿಸಿದ್ರು. ಸರಕು ಬಂದ್ಮೇಲೆ ನಾನು ಖುದ್ದು ಪರಿಶೀಲಿಸಿದ್ದೀನಿ. ವಾಪಸ್ ತಗೊಳ್ಳಲ್ಲ ಅಂತ ಅವತ್ತೇ ಹೇಳಿದ್ರು. ನಾನು ಗಂಡು ಅಂತ ಸಹಿ ಹಾಕಿದ್ಮೇಲೆ ಹೆಣ್ಣಾಗೋಕೆ ಇವರಿಗೆ ಅಧಿಕಾರ ಇಲ್ಲ."

ಬರೆದೆ. ಅತ್ತೆ ಸಹಿ ಹಾಕಿದಳು. ಗುಂಡುಸೂಜಿಯಿಂದ ಲಗತ್ತಿಸಿ ಕಳಿಸಿದೆವು. ಆ ಕಾಗದ ಮಾತ್ರ ವಾಪಸ್ ಬರಲಿಲ್ಲ, ಬಂದದ್ದು ಖಾಯಂ ಆದೇಶ.